ಮೂರು ರೆಕ್ಕೆ, ಎರಡು ವಯರು

ಶಿರಿಯ ಹೊಳೆಯ ಈ ದಂಡೆಯಿಂದ ಆ ದಂಡೆಯವರೆಗೆ ತೇಲುವ, ಅರೆತೇಲುವ ಮತ್ತು ಮುಳುಗಿಯೂ ಮಾನ ಬಿಡದ ಸಮಸ್ತ ಮರದ ದೋಣಿಗಳ ಜನ್ಮದಾತರೂ, ಉಳಿ ಬಾಚಿ ಕೊಡತಿಗಳ ಸಾಮ್ರಾಜ್ಯಕ್ಕೆ ಏಕಚ್ಛತ್ರಾಧಿಪತಿಗಳೂ, ಎಡಗಿವಿಯಲ್ಲಿ ಅರ್ಧ ಪೆನ್ಸಿಲು ಬಲಗಿವಿಯಲ್ಲಿ ಅರ್ಧ ಬೀಡಿ ಧರಿಸಿ ಎಷ್ಟೋ ಸಲ ಪೆನ್ಸಿಲಿಗೇ ಬೆಂಕಿ ಹಚ್ಚಿದ ಮಹಾನುಭಾವರೂ, ಎನ್ನ ಗುರುಗಳೂ ಆದ ಶ್ರೀಮದ್ ಮಾಧವ ಮೇಸ್ತ್ರಿಗಳ ದಿವ್ಯ ಸನ್ನಿಧಾನಕ್ಕೆ, ತಮ್ಮ ಶಿಷ್ಯರಲ್ಲಿ ಅತ್ಯಂತ ಕೊನೆಯವನೂ ಅತ್ಯಂತ ಕಳಪೆಯವನೂ ಆದ ಸಾದಿಕ್ ಎಂಬವನು ಸಾಷ್ಟಾಂಗ ಬಿದ್ದು, ಬಿದ್ದಲ್ಲಿಂದಲೇ ಮಾಡಿಕೊಳ್ಳುವ ಅರಿಕೆ ಏನೆಂದರೆ—

ನಗಬೇಡಿ ಮೇಸ್ತ್ರಿ. ಹೀಗೆ ದೊಡ್ಡದಾಗಿ ಶುರು ಮಾಡದಿದ್ದರೆ ನನಗೆ ಮುಂದಿನ ಸಾಲು ಬರುವುದಿಲ್ಲ. ನೀವು ಹೋಗಿ ಹದಿನಾಲ್ಕು ತಿಂಗಳಾಯಿತು. ರಜೆಯಲ್ಲಿ ಊರಿಗೆ ಬಂದವನು ಈಗ ನಿಮ್ಮ ದೋಣಿ ಚಪ್ಪರದಲ್ಲಿ, ನಿಮ್ಮದೇ ಮುಕ್ಕಾಲಿಯ ಮೇಲೆ ಕುಳಿತಿದ್ದೇನೆ. ಮುಕ್ಕಾಲಿ ಎಡಕ್ಕೆ ವಾಲುತ್ತದೆ. ಅದರ ಒಂದು ಕಾಲನ್ನು ವಾರಕ್ಕೊಮ್ಮೆ ಕೂದಲೆಳೆಯಷ್ಟು ಉಜ್ಜುತ್ತಿದ್ದವನು ನಾನೇ. ನಿಮಗೆ ಗೊತ್ತೇ ಆಗಲಿಲ್ಲವೆಂದು ಹೆಮ್ಮೆಪಡುತ್ತಿದ್ದೆ. ಒಂದು ದಿನ ನೀವು ತಲೆ ಎತ್ತದೆಯೇ, "ಇನ್ನೆರಡು ಕಾಲನ್ನೂ ಅಷ್ಟೇ ಉಜ್ಜಿಬಿಡು ಮಾರಾಯ, ಸೊಂಟ ನೋಯುತ್ತಾ ಉಂಟು" ಅಂದಿರಿ. ಮೊದಲ ವಾರದಿಂದಲೇ ಕಂಡಿತ್ತು ನಿಮಗೆ. ಕೂದಲೆಳೆಯಷ್ಟು ವ್ಯತ್ಯಾಸವೂ ಕಾಣುವ ಕಣ್ಣು ಅದು. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ನಾನು ಮಾಡಿದ್ದು ಆ ಕಣ್ಣಿಗೆ.

ನಾನು ನಿಮ್ಮ ಕೈಗೆ ಸಿಕ್ಕಿಬಿದ್ದ ದಿನ ನೆನಪುಂಟಲ್ಲ? ಹತ್ತನೇ ಕ್ಲಾಸನ್ನು ಎರಡನೇ ಸಲ ಓದುತ್ತಿದ್ದೆ. ನೀವು ನಾಲ್ಕರವರೆಗೆ ಓದಿದ ಅದೇ ಕನ್ನಡ ಶಾಲೆ. ನಿಮ್ಮ ಹೊಸ ದೋಣಿಯ ಮೈಮೇಲೆ ಕಪ್ಪು ಬಣ್ಣದಲ್ಲಿ, 'ಸದರಿ ದೋಣಿಯು ಪಂಚಾಯತ್ ಸ್ವತ್ತಾಗಿದ್ದು, ಇದರಲ್ಲಿ ಕುಳಿತು ಮೀನು ಹಿಡಿಯುವುದು ಶಿಕ್ಷಾರ್ಹ ಅಪರಾಧವಾಗಿರುತ್ತದೆ. ಸಹಿ, ಕಾರ್ಯದರ್ಶಿ' ಎಂದು ಬರೆದೆ. ದೋಣಿ ಒಯ್ಯಲು ಬಂದವರು ಓದಿ, ಹೆದರಿ, ಸೀದಾ ಪಂಚಾಯತ್ ಆಫೀಸಿಗೆ ಹೋದರು. ಅಲ್ಲಿಯ ಕ್ಲಾರ್ಕು ಎರಡು ದಿನ ಕಡತ ಹುಡುಕಿದ. ನೀವು ಮಾತ್ರ ಯಾರನ್ನೂ ವಿಚಾರಿಸಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, ಹೊರಗೆ ಬರುವ ಹುಡುಗರ ಉಗುರು ನೋಡಿದಿರಿ. ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಅಕ್ಷರ ಚಂದ ಉಂಟು. ಇನ್ನು ಬಂದು ಕೀಸಿ ತೆಗಿ." ಕೀಸಲು ಎರಡು ದಿನ ಹಿಡಿಯಿತು. ಮೂರನೆಯ ದಿನ ಅಕ್ಷರ ಉಳಿದಿರಲಿಲ್ಲ, ಆದರೂ ಬಂದೆ. ನೀವೂ ಯಾಕೆ ಬಂದದ್ದೆಂದು ಕೇಳಲಿಲ್ಲ, ಬಾಚಿ ಕೈಗೆ ಕೊಟ್ಟಿರಿ.

"ಟೇಪು ಎಲ್ಲಿ ಉಂಟು ಮೇಸ್ತ್ರಿ?" ಅಂತ ಕೇಳಿದ್ದು ಆ ವಾರವೇ. ನೀವು ಹಲಗೆಯ ತುದಿಗೆ ಕೆನ್ನೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಅದರ ಉದ್ದಕ್ಕೂ ನೋಟ ಹಾಯಿಸುತ್ತಿದ್ದಿರಿ. "ಟೇಪು ಟೈಲರಿಗೆ. ಮನುಷ್ಯರ ಹೊಟ್ಟೆ ತಿಂಗಳಿಗೊಂದು ನಮೂನೆ ಇರುತ್ತದೆ, ಅಳೆಯಬೇಕು. ದೋಣಿಯನ್ನು ನೋಡಿದರೆ ಸಾಕು." ನಾನು ನಂಬಲಿಲ್ಲ. ನೀವು ಊಟಕ್ಕೆ ಹೋದಾಗ ದೋಣಿಯ ಎರಡೂ ಪಕ್ಕೆಗಳಿಗೆ ನೂಲು ಹಿಡಿದು ಅಳೆದೆ. ಅಕ್ಕಿಕಾಳಿನಷ್ಟೂ ವ್ಯತ್ಯಾಸವಿರಲಿಲ್ಲ. ಬಹಳ ನಿರಾಶೆಯಾಗಿತ್ತು. ಆ ಸಿಟ್ಟಿಗೇ ಇರಬೇಕು, ನೀವು ಕಿವಿಯಿಂದ ತೆಗೆದಿಟ್ಟು ಮುಖ ತೊಳೆಯುವ ಹೊತ್ತಿಗೆ ಬೀಡಿ ಇದ್ದಲ್ಲಿ ಪೆನ್ಸಿಲು, ಪೆನ್ಸಿಲು ಇದ್ದಲ್ಲಿ ಬೀಡಿ ಇಡಲು ಶುರು ಮಾಡಿದ್ದು. ಅದಲು ಬದಲು ಮಾಡುವ ಚಟ ನನಗೆ ಅಲ್ಲಿ ಹತ್ತಿತು.

ಫೈಬರ್ ದೋಣಿಗಳು ಬಂದು ಮರದ್ದನ್ನು ಕೇಳುವವರು ಕಡಿಮೆಯಾದ ವರ್ಷ, ಉಪ್ಪಳದ ಹಮೀದಿಚ್ಚ ಈ ಚಪ್ಪರಕ್ಕೆ ಬಂದರು. ಅಬುಧಾಬಿಯಲ್ಲಿ ಎಕ್ಸಿಬಿಷನ್‌ಗಳಿಗೆ ಸ್ಟಾಲ್ ಕಟ್ಟಿಕೊಡುವ ಕಂಪನಿಯೊಂದರಲ್ಲಿ ಅವರು ಫೋರ್‌ಮನ್. "ಮರದ ಕೆಲಸದವರು ಬೇಕು ಮಾರ್ರೆ. ಊರಿನವರಾದರೆ ಬೈಯಲಿಕ್ಕೆ ಸುಲಭ" ಅಂದರು. ನೀವು ನನ್ನನ್ನು ತೋರಿಸಿ, "ಇವನನ್ನೂ ಕರ್ಕೊಂಡು ಹೋಗುವುದಾದರೆ ಬರುತ್ತೇನೆ. ಇಲ್ಲಿ ಬಿಟ್ಟರೆ ಶಿರಿಯ ಉಳಿಯಲಿಕ್ಕಿಲ್ಲ" ಅಂದಿರಿ. ನನ್ನ ಪಾಸ್‌ಪೋರ್ಟಿನ ಹಿಂದಿರುವುದು ಆ ಒಂದು ಮಾತು. ಅದನ್ನು ನೆನೆಸಿಕೊಂಡರೆ...

ಊರಿನಲ್ಲೇ ಉಳಿದ ನಿಮ್ಮ ಮನೆಯವರು, ಗಿರಿಜಕ್ಕ, ಮೊದಲ ಸಲ ಫೋನಿನಲ್ಲಿ "ಅಲ್ಲಿ ಎಂತ ಕೆಲಸ ನಿಮಗೆ?" ಅಂತ ಕೇಳಿದಾಗ ನೀವು ಕೊಟ್ಟ ಉತ್ತರವನ್ನು ನಾನು ಇವತ್ತಿಗೂ ಜನರಿಗೆ ಹೇಳುತ್ತೇನೆ: "ಮದುವೆ ಚಪ್ಪರ ಹಾಕಿದ ಹಾಗೆ. ಮದುವೆ ಮಾತ್ರ ನೋಡಲಿಕ್ಕಿಲ್ಲ." ಸರಿಯಾಗಿಯೇ ಹೇಳಿದ್ದಿರಿ. ಮೂರು ದಿನದಲ್ಲಿ ಅರಮನೆಯಂಥ ಸ್ಟಾಲು ಕಟ್ಟಬೇಕು. ನೆಲದ ಕಾರ್ಪೆಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಎಳೆಯುವ ಹೊತ್ತಿಗೆ ನಮ್ಮನ್ನು ಹೊರಗೆ ಹಾಕುತ್ತಾರೆ. ಮೇಳ ಮುಗಿದ ಮೇಲೆ ಕರೆಯುತ್ತಾರೆ, ಒಡೆಯಲಿಕ್ಕೆ. ಅತ್ತರಿನ ಮೇಳ, ಆಸ್ಪತ್ರೆ ಸಾಮಾನಿನ ಮೇಳ, ಕುದುರೆ ಜೀನಿನ ಮೇಳ, ಎಷ್ಟು ಕಟ್ಟಿದೆವು ನಾವು! ಒಂದು ಮೇಳವನ್ನಾದರೂ ಬಾಗಿಲು ತೆರೆದಿರುವಾಗ ಕಂಡೆವೇ?

ಗಾಳಿಯ ಮೇಳಕ್ಕೆ ಕಾಲಿಟ್ಟ ಬೆಳಿಗ್ಗೆ ನೀವು ಚಪ್ಪಲಿ ಕಳಚಿದ್ದಿರಿ. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳನ್ನು ಮಾಡುವವರು, ಮಾರುವವರು, ಕೊಳ್ಳುವವರೆಲ್ಲ ದೇಶದೇಶಗಳಿಂದ ಬಂದು ಸೇರುವ ಜಾಗ. ಮೇಳದ ಹಾಲ್‌ನ ನಡುವೆ ಒಂದು ನಿಜವಾದ ರೆಕ್ಕೆಯ ತುಂಡು, ತುಂಡೇ ಒಂದು ಬಸ್ಸಿನಷ್ಟು ಉದ್ದ, ಅಡ್ಡ ಮಲಗಿತ್ತು. "ಗಾಳಿಗೂ ವ್ಯಾಪಾರ ಉಂಟಾ ಮಾರಾಯ?" ಅನ್ನುತ್ತಲೇ ಹತ್ತಿರ ಹೋಗಿ ಅದರ ಮೈಮೇಲೆ ಅಂಗೈ ಇಟ್ಟು, ಆ ತುದಿಯಿಂದ ಈ ತುದಿಯವರೆಗೆ ನಡೆದಿರಿ. "ಸಾದಿಕ್, ಇದು ದೋಣಿಯೇ. ಸ್ವಲ್ಪ ಹಿಂಡಿ ಉದ್ದಕ್ಕೆ ಎಳೆದಿದ್ದಾರೆ, ಅಷ್ಟೆ. ನೀರನ್ನು ಸೀಳುವುದೂ ಗಾಳಿಯನ್ನು ಸೀಳುವುದೂ ಒಂದೇ ಉಪಾಯ." ಆಮೇಲೆ ನಿಮ್ಮ ಕಣ್ಣು ಗೋಡೆಯ ಮೇಲಿನ ದೊಡ್ಡ ಚಿತ್ರಕ್ಕೆ ಬಿತ್ತು. ಕಡಲು. ಕಡಲಿನ ನಡುವೆ ಸಾಲಾಗಿ ನಿಂತ ಬಿಳಿ ಗಾಳಿಯಂತ್ರಗಳು.

ಆ ಚಿತ್ರದ ಎದುರು ನಾವು ಜಗಳಾಡಿದ್ದು ನೆನಪಿದೆಯೇ? "ಕಡಲೊಳಗೆ ಹೇಗೆ ನಿಲ್ಲಿಸಿದರು ಇದನ್ನು?" ಎಂದು ನೀವು. "ತೇಲಿಸಿರಬೇಕು, ದೋಣಿಯ ಹಾಗೆ" ಎಂದು ನಾನು. "ತಲೆ ಉಂಟಾ ನಿನಗೆ? ಹೊಳೆಯಲ್ಲಿ ಬಲೆ ಕಟ್ಟಲಿಕ್ಕೆ ಗೂಟ ಹೇಗೆ ಹಾಕುತ್ತಾರೆ? ಬಡಿದು ಹಾಕುತ್ತಾರೆ. ಇದೂ ಗೂಟವೇ. ಬಡಿದದ್ದು." ಪಂಥ ಕಟ್ಟಿದೆವು. ಸೋತವನು ಗೆದ್ದವನ ಸಾಮಾನಿನ ಚೀಲವನ್ನು ಒಂದು ತಿಂಗಳು ಹೊರಬೇಕು. ಅಂದಿನಿಂದ ನಿಮಗೆ ಅದೊಂದೇ ಹುಚ್ಚು ಹಿಡಿಯಿತು. ಒಮ್ಮೆ ನೋಡಬೇಕು. ಕಡಲೊಳಗೆ ನೆಟ್ಟದ್ದನ್ನು, ಕಣ್ಣಾರೆ.

ಪೆಟ್ಟಿಗೆ ಬಿದ್ದ ಸದ್ದಿಗೆ ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದ್ದರು. ನಾವು ಕಟ್ಟುತ್ತಿದ್ದ ಸ್ಟಾಲಿನ ಕಂಪನಿ ಜರ್ಮನಿಯದು. ಸ್ಟಾಲಿನ ನಡುವೆ ನಿಲ್ಲಿಸಲು ಒಂದು ಮಾದರಿ ಗಾಳಿಯಂತ್ರ ತಂದಿದ್ದರು. ಎರಡಾಳೆತ್ತರದ ಕಂಬ, ನಾಲ್ಕಡಿಯ ಮೂರು ರೆಕ್ಕೆ, ತಿರುಗಿಸಲು ಒಂದು ಮೋಟಾರು. ರೆಕ್ಕೆಗಳ ಪೆಟ್ಟಿಗೆಯನ್ನೇ ಫೋರ್ಕ್‌ಲಿಫ್ಟಿನವನು ಕೆಳಗೆ ಹಾಕಿದ. ಮೂರೂ ಚೂರು. ಹೊಸದನ್ನು ತರಿಸಲು ಸಮಯವಿಲ್ಲ. ಆ ಕಂಪನಿಯ ಉದ್ದ ಗಡ್ಡದ ಮುದುಕರು ತಲೆಗೆ ಕೈಹೊತ್ತು ಕೂತಿದ್ದರು. ನೀವು ಹೋಗಿ, ನೆಲದ ಮೇಲೆ ಒಂದು ರೆಕ್ಕೆಯ ಚೂರುಗಳನ್ನು ಜೋಡಿಸಿ, ಅಂಟುಪಟ್ಟಿ ಹಚ್ಚಿ, ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗಿಸಿ, ಒಂದು ಕಣ್ಣು ಮುಚ್ಚಿ ನೋಡಿದಿರಿ. ಎದ್ದು "ಮರ ಕೊಡಿ" ಅಂದಿರಿ.

ಎರಡು ದಿನ ನಿಮ್ಮ ಬಾಚಿಯ ಸದ್ದು ನಿಲ್ಲಲಿಲ್ಲ. ಪೈನ್ ಮರಕ್ಕೆ ಬೈಯುತ್ತಲೇ ಕೆತ್ತಿದಿರಿ: "ಇದು ಮರವಲ್ಲ ಮಾರಾಯ, ಮೂಲಂಗಿ." ಬುಡದಲ್ಲಿ ಅಗಲ, ತುದಿಗೆ ಹೋಗುತ್ತಾ ಸಪೂರ, ಉದ್ದಕ್ಕೂ ಮೆಲ್ಲನೆ ಒಂದು ತಿರುವು. ಮೂರು ರೆಕ್ಕೆ. ಮೋಟಾರಿಲ್ಲದೆ ಬರಿಗೈಯಲ್ಲಿ ತಿರುಗಿಸಿ ಬಿಟ್ಟರೆ ಎಲ್ಲಿ ಬೇಕಾದರೂ ನಿಲ್ಲುತ್ತಿತ್ತು, ಯಾವ ರೆಕ್ಕೆಯೂ ಭಾರವಾಗಿ ಕೆಳಗೆ ಎಳೆಯುತ್ತಿರಲಿಲ್ಲ. ಗಡ್ಡದವರು ಅದರ ಅಂಚಿಗೆ ಹೆಬ್ಬೆರಳು ಸವರಿ ಹಮೀದಿಚ್ಚರ ಹತ್ತಿರ ಏನೋ ಹೇಳಿದರು. ಹಮೀದಿಚ್ಚ ಓಡಿಬಂದು ನಿಮ್ಮನ್ನು ತಬ್ಬಿಕೊಂಡರು. "ಮೇಸ್ತ್ರಿ, ಮುಂದಿನ ಮೇಳ ಜರ್ಮನಿಯಲ್ಲಂತೆ, ಕಡಲ ಹತ್ತಿರ. ಸ್ಟಾಲು ಕಟ್ಟಲಿಕ್ಕೆ ಈ ಮನುಷ್ಯನೇ ಬೇಕು ಹೇಳ್ತಾರೆ. ಫೋಟೋ ತೆಗೆಸಿ, ವೀಸಾಕ್ಕೆ!" ಅವತ್ತೇ ತೆಗೆಸಿದೆವು. ಸ್ಟುಡಿಯೋದವನು ತನ್ನ ಗೋಡೆಗೆ ನೇತುಹಾಕಿದ್ದ ಕಪ್ಪು ಕೋಟನ್ನು ನಿಮಗೆ ತೊಡಿಸಿದ. ತೋಳು ಗಿಡ್ಡವಾಗಿತ್ತು. ನಾನು ಹಿಂದೆ ನಿಂತು ನಿಮ್ಮ ತಲೆಯ ಮೇಲೆ ಎರಡು ಬೆರಳಿನ ಕೊಂಬು ಇಟ್ಟೆ. ಹಾಗಾಗಿ ಎರಡು ಸಲ ತೆಗೆಯಬೇಕಾಯಿತು.

ಇನ್ನು ಬರೆಯಬೇಕಾದದ್ದನ್ನು ಬರೆಯುತ್ತೇನೆ. ಸ್ಟಾಲು ಕಟ್ಟುವ ಕೊನೆಯ ದಿನ, ಸಂಜೆ ನಾಲ್ಕು ಗಂಟೆ. ನೀವು ರೆಕ್ಕೆಗಳನ್ನು ಕಂಬಕ್ಕೆ ಜೋಡಿಸಿ, ಸ್ವಿಚ್ಚು ಹಾಕಿ ನೋಡಿದಿರಿ. ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ, ಸದ್ದಿಲ್ಲದೆ ತಿರುಗಿತು. ಆರಿಸಿ, ಬೀಡಿ ಸೇದಲು ಹೊರಗೆ ಹೋದಿರಿ. ನನ್ನ ಕೈಯಲ್ಲಿ ಸ್ಕ್ರೂಡ್ರೈವರು. ಎದುರಿಗೆ ಮೋಟಾರು. ಮೋಟಾರಿಗೆ ಎರಡು ವಯರು, ಒಂದು ಕೆಂಪು, ಒಂದು ಕಪ್ಪು. ಬೀಡಿ ಪೆನ್ಸಿಲು ಬದಲಿಸಿದಷ್ಟೇ ಸಲೀಸಾಗಿ ಬದಲಿಸಿದೆ, ಮುಚ್ಚಳ ಹಾಕಿದೆ, ನಾಲ್ಕು ಸ್ಕ್ರೂ ಬಿಗಿದೆ. ನೀವು ಬಂದು ಮತ್ತೊಮ್ಮೆ ಸ್ವಿಚ್ಚು ಹಾಕುತ್ತೀರಿ, ರೆಕ್ಕೆ ಹಿಂದಕ್ಕೆ ತಿರುಗುತ್ತದೆ, ನಿಮ್ಮ ಬಾಯಿ ಬಿಟ್ಟಲ್ಲೇ ಇರುತ್ತದೆ, ಆಗ ನಾನು ಕೈಕಟ್ಟಿ ಬಹಳ ಗಂಭೀರವಾಗಿ "ಗಾಳಿ ವಾಪಸು ಬರುತ್ತಾ ಉಂಟು ಮೇಸ್ತ್ರಿ" ಅನ್ನಬೇಕು. ಇಷ್ಟೇ ಇದ್ದದ್ದು ನನ್ನ ಮನಸ್ಸಿನಲ್ಲಿ. ಇಷ್ಟೇ.

ನೀವು ಒಳಗೆ ಬರಲಿಲ್ಲ. ಅಷ್ಟರಲ್ಲಿ ಹಾಲ್‌ನ ಕರೆಂಟು ತೆಗೆದು, ಕೆಲಸಗಾರರೆಲ್ಲ ಹೊರಗೆ ಎಂದು ಗಾರ್ಡುಗಳು ಕೂಗುತ್ತಾ ಬಂದರು. ನಿಮ್ಮನ್ನು ಗೇಟಿನಲ್ಲೇ ತಡೆದರಂತೆ. ನಾನು ಸಾಮಾನು ಚೀಲಕ್ಕೆ ತುಂಬುತ್ತಾ ಒಂದು ಸಲ ಮೋಟಾರಿನ ಕಡೆ ನೋಡಿದೆ. ನಾಲ್ಕು ಸ್ಕ್ರೂ. ಬಿಚ್ಚಲು ಎರಡು ನಿಮಿಷ ಸಾಕಿತ್ತು. ಗಾರ್ಡಿನ ಕಾಲು ಹಿಡಿದಾದರೂ ಆ ಎರಡು ನಿಮಿಷ ಕೇಳಬಹುದಿತ್ತು. ಕೇಳಿದೆನೇ? ಫ್ಯಾನು ಯಾವ ಕಡೆ ತಿರುಗಿದರೆ ಯಾರಿಗೆ ಎಂತ ಅಂತ ಅಂದುಕೊಂಡೆ. ಮುರಿದ ರೆಕ್ಕೆಯ ಚೂರುಗಳನ್ನು ಕಸದ ತೊಟ್ಟಿಗೆ ಸುರಿದದ್ದೂ ನಾನೇ. ಅಳತೆಗೆ ಇದ್ದ ಸಾಕ್ಷಿಯೂ ಅಲ್ಲಿಗೆ ಮುಗಿಯಿತು.

ವಾಪಸು ಬರುವ ಬಸ್ಸಿನಲ್ಲಿ ನೀವು ಕಿಟಕಿಯ ಪಕ್ಕ ಕೂತಿದ್ದಿರಿ. "ನಾಳೆ ಅಷ್ಟು ಜನ ನೋಡುತ್ತಾರಲ್ಲ ಸಾದಿಕ್" ಅಂದಿರಿ. ಮತ್ತೆ, "ದೋಣಿಯ ಅಡಿಯನ್ನು ಮೀನು ಮಾತ್ರ ನೋಡುವುದು." ಹಮೀದಿಚ್ಚ ಎರಡು ಸೀಟು ಮುಂದೆ ಕೂತಿದ್ದರು, ಅವರ ಫೋನಿನಲ್ಲಿ ಸ್ಟಾಲಿನವರ ನಂಬರಿತ್ತು. ಅಲ್ಲಿಂದೆದ್ದು ಎರಡು ಹೆಜ್ಜೆ ಇಟ್ಟು ಒಂದು ಮಾತು ಹೇಳಿದ್ದರೆ... ನಾನು ನಿಮ್ಮ ಭುಜಕ್ಕೆ ತಲೆ ಇಟ್ಟು ನಿದ್ದೆ ಬಂದವನ ಹಾಗೆ ಮಾಡಿದೆ.

ಮರುದಿನ ಮಧ್ಯಾಹ್ನ ಹಮೀದಿಚ್ಚ ಕಾರ್ಖಾನೆಯ ಶೆಡ್ಡಿಗೆ ಬಂದಾಗ ನಾವಿಬ್ಬರೂ ಚಾ ಕುಡಿಯುತ್ತಿದ್ದೆವು. "ಎಂತ ರೆಕ್ಕೆ ಮಾಡಿದ್ದು ನೀವು? ಉಲ್ಟಾ ಅಂತೆ!"

"ಉಲ್ಟಾ ಅಂದರೆ?"

"ನನಗೆಂತ ಗೊತ್ತು ಮಾರ್ರೆ? ಗಾಳಿಯವರೆಲ್ಲ ಬಂದು ನೋಡಿ ನಕ್ಕು ನಕ್ಕು ಫೋಟೋ ಹೊಡೆಯುತ್ತಾರಂತೆ. ಮುದುಕ ಕರೆಂಟು ತೆಗೆಸಿ, ರೆಕ್ಕೆಗೆ ಬಟ್ಟೆ ಕಟ್ಟಿಸಿದ್ದಾನೆ. ಹೆಣಕ್ಕೆ ಕಟ್ಟಿದ ಹಾಗೆ."

"ನಾನು ತಿರುಗಿಸಿ ನೋಡಿದ್ದೇನಲ್ಲ ಹಮೀದ್. ಚಂದ ತಿರುಗುತ್ತಾ ಇತ್ತು."

"ತಿರುಗಿದರೆ ಆಯ್ತಾ? ಮೋಟಾರು ಅವರದ್ದೇ, ಅದು ತಪ್ಪಲಿಕ್ಕಿಲ್ಲವಂತೆ. ರೆಕ್ಕೆ ಉಲ್ಟಾ ಅಂತ ಹೇಳುವವರು ಅದರದ್ದೇ ಇಂಜಿನಿಯರುಗಳು!" ಅಂದವರೇ ನನ್ನ ಕಡೆ ತಿರುಗಿ, "ನಿನ್ನ ಕಿತಾಪತಿ ಎಂತಾದರೂ ಉಂಟಾ ಇದರಲ್ಲಿ?" ಅಂತ ಕೇಳಿದರು.

ನಾನು ಬಾಯಿ ತೆರೆದೆ. ದೇವರಾಣೆ, ತೆರೆದಿದ್ದೆ. ನೀವು ಗ್ಲಾಸು ಕೆಳಗಿಟ್ಟು, "ಅವನ ಕೈ ಇದಕ್ಕೆ ತಾಗಿಲ್ಲ. ಕೆತ್ತಿದ್ದು ನಾನೊಬ್ಬನೇ" ಅಂದಿರಿ. ತೆರೆದ ಬಾಯಿಗೆ ನಾನು ಚಾ ಹಾಕಿಕೊಂಡೆ.

ಜರ್ಮನಿಗೆ ನಿಮ್ಮ ಬದಲು ನನ್ನನ್ನು ಕಳಿಸಿದ ದಿನ ಏರ್‌ಪೋರ್ಟಿಗೆ ನೀವೇ ಬಂದಿರಿ. ಮೇಳಕ್ಕೆ ಒಬ್ಬ ಬಡಗಿ ಹೋಗಲೇಬೇಕಿತ್ತು, ಹುಡುಗನಿಗೆ ಅಲ್ಪಸ್ವಲ್ಪ ಇಂಗ್ಲಿಷು ಬರುತ್ತದೆ ಎಂದು ಹಮೀದಿಚ್ಚ ನನ್ನ ಹೆಸರು ಬರೆದಿದ್ದರು. ನೀವು ನಿಮ್ಮ ಸಣ್ಣ ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ದೊಡ್ಡ ಪೆಟ್ಟಿಗೆಗೆ ಹಾಕಿ, "ಕಡಲೊಳಗಿನದ್ದನ್ನು ನೋಡಿ ಬಾ. ಬಡಿದದ್ದೋ ತೇಲಿಸಿದ್ದೋ ಕೇಳಿಕೊಂಡು ಬಾ" ಅಂದಿರಿ. ಒಂದು ವಾರದ ನಂತರ ನೀವು ಕೆಲಸ ಬಿಟ್ಟು ಊರಿಗೆ ಹೊರಟಿರಿ ಎಂದು ಅಲ್ಲಿರುವಾಗಲೇ ತಿಳಿಯಿತು. ಬಟ್ಟೆ ಸುತ್ತಿದ ಮೂರು ರೆಕ್ಕೆಗಳನ್ನು ಕಾರ್ಗೋದಲ್ಲಿ ಹಾಕಿಸಿಕೊಂಡು ಹೋದಿರಂತೆ.

ಅಲ್ಲಿ ಒಂದು ದಿನ, ಮೇಳಕ್ಕೆ ಬಂದ ದೊಡ್ಡವರನ್ನು ಹಡಗಿನಲ್ಲಿ ಕೂರಿಸಿ ಕಡಲೊಳಗಿನ ಯಂತ್ರಗಳನ್ನು ತೋರಿಸಲು ಹೊರಟಿದ್ದರು. ಒಂದು ಜಾಗ ಖಾಲಿ ಇತ್ತೆಂದು ನನ್ನನ್ನೂ ಹತ್ತಿಸಿಕೊಂಡರು. ವಿವರಿಸಲು ಬಂದ ಇಂಜಿನಿಯರ್ ಹೆಂಗಸನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದೆ, ಎಲ್ಲವೂ ಒಂದೇ ಕಡೆಗೆ ತಿರುಗುತ್ತವೆಯೇ ಎಂದು. ಎದುರಿನಿಂದ ನೋಡಿದರೆ ಎಲ್ಲವೂ ಗಡಿಯಾರದ ಹಾಗೆ, ಜಗತ್ತಿನಾದ್ಯಂತ ಹಾಗೆಯೇ ಎಂದಳು. ಮತ್ತೆ ನಗುತ್ತಾ, ಅಬುಧಾಬಿಯ ಮೇಳದಲ್ಲಿ ಯಾರೋ ಒಂದು ಮಾದರಿಯನ್ನು ಉಲ್ಟಾ ತಿರುಗಿಸಿಟ್ಟಿದ್ದರು, ರೆಕ್ಕೆಯ ಹಿಂಭಾಗ ಮುಂದಾಗಿ ಓಡುತ್ತಿತ್ತು, ಆ ಫೋಟೋ ನೋಡಿ ಆಫೀಸಿನಲ್ಲಿ ಒಂದು ವಾರ ನಕ್ಕೆವು ಎಂದಳು. ನಾನೂ ನಕ್ಕೆ, ಮೇಸ್ತ್ರಿ. ಅಭ್ಯಾಸ ಬಲ. ಆಮೇಲೆ ನಮ್ಮ ಪಂಥದ ಪ್ರಶ್ನೆಯನ್ನೂ ಅವಳಲ್ಲಿ ಕೇಳಿಕೊಂಡೆ.

"ನೋಡಿದೆಯಾ?" ನಾನು ಅಬುಧಾಬಿಗೆ ಮರಳಿದ ದಿನವೇ ಊರಿನಿಂದ ನಿಮ್ಮ ಫೋನು. "ಇಲ್ಲ ಮೇಸ್ತ್ರಿ. ಮಂಜಿತ್ತು, ಎಂತದೂ ಕಾಣಲಿಲ್ಲ" ಅಂದೆ. ಯಾಕೆ ಸುಳ್ಳು ಹೇಳಿದೆ? ನೋಡಿದೆ ಅಂದಿದ್ದರೆ ಹೇಗೆ ತಿರುಗುತ್ತದೆ ಅಂತ ಕೇಳುತ್ತಿದ್ದಿರಿ. ಅಲ್ಲಿಂದ ವಯರಿನವರೆಗೆ ಬರಲು ನಿಮಗೆ ಎಷ್ಟು ಹೊತ್ತು ಬೇಕಿತ್ತು? ನೀವು, "ಹೋಗಲಿ. ಆ ರೆಕ್ಕೆ ಎಲ್ಲಿ ತಪ್ಪಿತು ಅಂತ ಯಾರಾದರೂ ಹೇಳಿದರಾ?" ಅಂದಿರಿ. ಆಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ. "ಮೇಳದಿಂದ ತಂದ ಪುಸ್ತಕದ ಚಿತ್ರಕ್ಕೆ ಹಿಡಿದು ನೋಡಿದೆ ಸಾದಿಕ್, ನನಗೆ ಒಂದೇ ಕಾಣುತ್ತದೆ. ಇಂಜಿನಿಯರುಗಳು ಉಲ್ಟಾ ಅನ್ನುತ್ತಾರೆ. ಹಾಗಾದರೆ ನನ್ನ ಕಣ್ಣೇ ಉಲ್ಟಾ ನೋಡುತ್ತಾ ಇರಬೇಕು."

ಉಳಿದದ್ದನ್ನು ನನಗೆ ಹೇಳಿದವರು ಗಿರಿಜಕ್ಕ. ಕಾಸರಗೋಡಿಗೆ ಹೋಗಿ ಕಣ್ಣು ತೋರಿಸಿದಿರಂತೆ. ಸರಿ ಉಂಟು ಎಂದ ಡಾಕ್ಟರನ್ನೂ ನಂಬಲಿಲ್ಲವಂತೆ. ಎಷ್ಟೋ ಸಮಯದ ನಂತರ ಒಬ್ಬರು ಮರದ ದೋಣಿ ಬೇಕೆಂದು ಬಂದಾಗ ಒಪ್ಪಿಕೊಂಡಿರಿ. ಕುಂಬಳೆಯ ಅಂಗಡಿಯಿಂದ ಒಂದು ಟೇಪು ತಂದಿರಿ. "ದಿನವಿಡೀ ಅಳೆಯುವುದು ಸಾದಿಕ್. ಅಳೆದದ್ದನ್ನು ಮತ್ತೆ ಅಳೆಯುವುದು. ಗೆರೆ ಹಾಕುವುದು, ಅಳಿಸುವುದು. ಬಾಚಿ ಎತ್ತಿದ ಕೈ ಕೆಳಗೆ ಬರುವುದಿಲ್ಲ." ಆ ದೋಣಿ ಈಗ ನನ್ನ ಎದುರಿಗೇ ಇದೆ. ಒಂದು ಪಕ್ಕೆ ಆಗಿದೆ, ಇನ್ನೊಂದು ಇಲ್ಲ. ಹಲಗೆಯ ತುಂಬ ಪೆನ್ಸಿಲಿನ ಗೆರೆಗಳು. ನೀವು ಎದೆ ಹಿಡಿದು ಕೂತದ್ದು ಇಲ್ಲೇ ಅಂತೆ, ಟೇಪು ಕೈಯಲ್ಲೇ ಇತ್ತಂತೆ.

ನಿಮ್ಮ ಸಾವಿನ ಸುದ್ದಿ ನನಗೆ ವಾಟ್ಸಪ್ಪಿನಲ್ಲಿ ಬಂತು, ಒಂದು ಫೋಟೋದ ಜೊತೆ. ಕಪ್ಪು ಕೋಟಿನ ಫೋಟೋ. ಗಿರಿಜಕ್ಕನ ಹತ್ತಿರ ನಿಮ್ಮದು ಬೇರೆ ಒಳ್ಳೆಯ ಫೋಟೋ ಇರಲಿಲ್ಲವಂತೆ. ಮೊನ್ನೆ ನಿಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ಅದೇ ಕಂಡಿತು, ಗೋಡೆಯಲ್ಲಿ, ಮಾಲೆ ಹಾಕಿಸಿಕೊಂಡು. ಹೋಗದ ಊರಿನ ವೀಸಾಕ್ಕೆ ತೆಗೆಸಿದ ಫೋಟೋದಲ್ಲಿ ನೀವು ಶಾಶ್ವತವಾಗಿ ಕೂತುಬಿಟ್ಟಿದ್ದೀರಿ. ಕೊಂಬು ಇರುವ ಮೊದಲನೆಯ ಪ್ರತಿ ನನ್ನ ಪರ್ಸಿನಲ್ಲಿದೆ. ಅದನ್ನು ಯಾರಿಗೂ ತೋರಿಸಿಲ್ಲ.

"ಬಂದದ್ದು ಯಾವಾಗ ಮಗಾ? ತೆಳ್ಳಗಾಗಿದ್ದೀಯಲ್ಲ" ಎಂದು ಗಿರಿಜಕ್ಕ ಮಣೆ ಹಾಕಿದರು. ನಾನು ಕೂರಲಿಲ್ಲ. "ಗಿರಿಜಕ್ಕ, ಒಂದು ವಿಷಯ ಹೇಳಲಿಕ್ಕುಂಟು. ಮೇಸ್ತ್ರಿ ಮಾಡಿದ ರೆಕ್ಕೆ ಸರಿಯಾಗಿಯೇ ಇತ್ತು. ಮೋಟಾರಿನ ವಯರು ಅದಲು ಬದಲಾಗಿತ್ತು, ಅದಕ್ಕೆ ಉಲ್ಟಾ ತಿರುಗಿದ್ದು. ಕೆತ್ತಿದ್ದರಲ್ಲಿ ತಪ್ಪಿರಲಿಲ್ಲ." ಅವರು ಸೌಟು ಹಿಡಿದುಕೊಂಡೇ ನಿಮ್ಮ ಫೋಟೋದ ಹತ್ತಿರ ಹೋಗಿ, ಜೀವಂತ ಇರುವವರಿಗೆ ಗದರಿಸುವ ಹಾಗೆ ಗದರಿಸಿದರು: "ಕೇಳಿತಾ? ನಿಮ್ಮ ಕಣ್ಣಿಗೆ ಎಂತದೂ ಆಗಿರಲಿಲ್ಲವಂತೆ. ನಾನು ಹೇಳಿದರೆ ಕೇಳಿದಿರಾ ನೀವು?"

ರೆಕ್ಕೆಗಳು ಎಲ್ಲಿ ಅಂತ ಕೇಳಿದೆ. "ಬಚ್ಚಲ ಒಲೆಗೆ ಹಾಕು ಅಂದಿದ್ದರು. ಅಷ್ಟು ಚಂದದ ಮರ, ಹೇಗೆ ಹಾಕುವುದು?" ಒಂದು ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗಕ್ಕೆ ಊರೆಗೋಲಾಗಿತ್ತು. ಒಂದು ಕೋಳಿಗೂಡಿನ ಬಾಗಿಲಿಗೆ ಅಡ್ಡ. ಇನ್ನೊಂದನ್ನು ಅಟ್ಟದಿಂದ ಇಳಿಸಿದರು. ಹಳೆಯ ಸೈಕಲ್ಲಿನ ಚಕ್ರದ ನಡುವಿನ ಗುಂಬಕ್ಕೆ ಮೂರನ್ನೂ ಬಿಗಿದು, ಬಿದಿರಿನ ಕಂಬಕ್ಕೆ ಕಟ್ಟಿ, ಹೊಳೆ ಕಡಲಿಗೆ ಸೇರುವಲ್ಲಿ ನಿಲ್ಲಿಸಿದೆ. ಮಧ್ಯಾಹ್ನದ ಪಡುಗಾಳಿ ಏಳುವ ಹೊತ್ತು. ಬಲೆ ಬಿಡಿಸುತ್ತಿದ್ದವರು, "ಎಂತ ಸಾದಿಕ್, ಕಾಗೆ ಓಡಿಸಲಿಕ್ಕಾ? ಇಲ್ಲ ಪಂಚಾಯತ್ ಸ್ವತ್ತಾ?" ಎಂದು ಕೂಗಿದರು. ಅವರು ನಗುತ್ತಿರುವಾಗಲೇ ಅದು ತಿರುಗಲು ಶುರುವಾಯಿತು. ಮೋಟಾರಿಲ್ಲ, ವಯರಿಲ್ಲ, ಬದಲಿಸುವುದಕ್ಕೆ ನನ್ನ ಕೈಗೆ ಸಿಗುವಂಥದ್ದು ಎಂತದೂ ಇಲ್ಲ. ಗಡಿಯಾರದ ಮುಳ್ಳಿನ ದಿಕ್ಕಿಗೆ, ಸದ್ದಿಲ್ಲದೆ. ಕೋಳಿಗೂಡಿನ ರೆಕ್ಕೆ ಸ್ವಲ್ಪ ನಾರುತ್ತಿತ್ತು, ಅಷ್ಟೆ. ಗಿರಿಜಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆಯವರೆಗೆ ಅಲ್ಲೇ ನಿಂತಿದ್ದರು.

ಇನ್ನು ನಿಮಗೆ ನಾನು ಹೇಳದೆ ಮುಚ್ಚಿಟ್ಟ ಸುದ್ದಿ. ಆವತ್ತು ಕಡಲಿನಲ್ಲಿ ಮಂಜು ಇರಲಿಲ್ಲ ಮೇಸ್ತ್ರಿ. ಎಲ್ಲ ಕಂಡಿತು. ನೀರಿನಿಂದ ಸೀದಾ ಎದ್ದು ನಿಂತಿದ್ದವು, ಸಾಲು ಸಾಲು, ಹತ್ತಿರ ಹೋಗಿ ಕತ್ತೆತ್ತಿದರೆ ಟೋಪಿ ಬೀಳುವಷ್ಟು ಎತ್ತರ. ಕಾಲಿನ ಹತ್ತಿರ ಪಾಚಿ ಕಟ್ಟಿತ್ತು, ನಮ್ಮ ಹೊಳೆಯ ಗೂಟಗಳಿಗೆ ಕಟ್ಟುವ ಹಾಗೆಯೇ. ಮೇಲೆ ಒಂದು ಹಕ್ಕಿ ಕೂತಿತ್ತು. ಮತ್ತೆ, ಅವು ತೇಲುವುದಲ್ಲ. ಒಂದು ದೊಡ್ಡ ಕಬ್ಬಿಣದ ಕೊಳವೆ, ಅದರ ತಲೆಗೆ ಹಡಗಿನಷ್ಟು ಭಾರದ ಕೊಡತಿಯಿಂದ ಬಡಿದು ಬಡಿದು ಕಡಲಿನ ನೆಲಕ್ಕೆ ಇಳಿಸುತ್ತಾರಂತೆ. ಗೂಟ. ನೀವು ಹೇಳಿದ್ದೇ. ಗೆದ್ದಿರಿ. ಮೊನ್ನೆಯಿಂದ ನಿಮ್ಮ ಸಾಮಾನಿನ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ತಿರುಗುತ್ತಿದ್ದೇನೆ. ಒಂದು ತಿಂಗಳ ರಜೆ ಇದೆ, ಪಂಥದ ಅವಧಿಗೆ ಸರಿಯಾಗುತ್ತದೆ. ಆ ತಿಂಗಳಲ್ಲಿ ನಿಮ್ಮ ಈ ದೋಣಿಯ ಇನ್ನೊಂದು ಪಕ್ಕೆಯನ್ನು ಮುಗಿಸುತ್ತೇನೆ. ಟೇಪು ಮುಟ್ಟುವುದಿಲ್ಲ. ಕೆನ್ನೆ ಹಲಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ, ಆಗುವಷ್ಟು ಮಾಡುತ್ತೇನೆ. ಮೀನುಗಳು ನೋಡಿ ನಕ್ಕರೆ ನಗಲಿ.

ವಿಲೇಜ್ ಆಫೀಸಿನ ಅರ್ಜಿಯ ಕೊನೆಯಲ್ಲಿ ಬರೆಯುವ ಹಾಗೆ ಬರೆದು ಮುಗಿಸುತ್ತೇನೆ: ಮೇಲೆ ಹೇಳಿದ ಸಂಗತಿಗಳೆಲ್ಲ ನನ್ನ ತಿಳಿವಳಿಕೆಗೆ ಬಂದಂತೆ ಸತ್ಯವಾಗಿದ್ದು, ಯಾವುದನ್ನೂ ಮರೆಮಾಚಿರುವುದಿಲ್ಲವೆಂದೂ, ಇಂದಿನಿಂದ ಜೀವಮಾನಪರ್ಯಂತ ಸತ್ಯವನ್ನಲ್ಲದೆ ಬೇರೇನನ್ನೂ ನುಡಿಯುವುದಿಲ್ಲವೆಂದೂ ತಮ್ಮ ಉಳಿ ಬಾಚಿ ಕೊಡತಿಗಳ ಸಾಕ್ಷಿಯಾಗಿ ಈ ಮೂಲಕ ಘೋಷಿಸುತ್ತೇನೆ.

ಒಂದು ಮಾತು ಮಾತ್ರ ಮೇಲೆ ಬಿಟ್ಟುಹೋಗಿದೆ. ಬಿಟ್ಟುಹೋದದ್ದಲ್ಲ, ಬಿಟ್ಟದ್ದು. ಮೊನ್ನೆ ಊಟಕ್ಕೆ ಕೂತಾಗ ಗಿರಿಜಕ್ಕ ಕೇಳಿದರು, "ವಯರು ಬದಲಿಸಿದ್ದು ಯಾರು ಸಾದಿಕ್?"

"ಯಾರೋ ಎಲೆಕ್ಟ್ರಿಷಿಯನ್" ಅಂದೆ.

"ಅವನ ಕೈ ಸೇದಿಹೋಗಲಿ" ಅಂದರು. ಅಂದು, ನನ್ನ ಬಟ್ಟಲಿಗೆ ಇನ್ನೆರಡು ಅಕ್ಕಿಪುಂಡಿ ಹಾಕಿ, ಮೇಲೆ ಬಂಗುಡೆ ಮೀನಿನ ಸಾರು ಸುರಿದರು.

ತಿಂದೆ, ಮೇಸ್ತ್ರಿ.